ತಂದೆಯ ಹೆಸರಿನ ಮುಂದೆ

ತುಳಸೀಬಾಯಿಯವರ ಪೆನ್ನು ಫಾರ್ಮಿನ ಎರಡನೆಯ ಪುಟದಲ್ಲಿ ನಿಂತುಬಿಟ್ಟಿತು. ಅಲ್ಲಿಯವರೆಗೆ ಸರಾಗವಾಗಿ ಓಡಿತ್ತು. ಹೆಸರು, ಸೋಮವ್ವ. ಊರು ಶಿರೂರು, ತಾಲೂಕು ಬಾಗಲಕೋಟೆ. ಬಿ.ಎಸ್ಸಿ. ಮೊದಲನೇ ವರ್ಗ, ಗಣಿತದಲ್ಲಿ ಕಾಲೇಜಿಗೇ ಮೊದಲು. ಮುಂದೆ ಓದಬೇಕೆಂದಿರುವುದು ಎಂ.ಎಸ್ಸಿ., ಧಾರವಾಡ. ಆಮೇಲೆ ತಂದೆಯ ಹೆಸರು, ಮಾಳಪ್ಪ. ಅದರ ಮುಂದೆ ಎರಡು ಶಬ್ದಗಳು ಅಚ್ಚಾಗಿದ್ದವು: ಜೀವಂತ, ಮೃತ. ಒಂದನ್ನು ಹೊಡೆದು ಹಾಕಬೇಕಿತ್ತು.

"ಏನ ಬರೀಲಿ ಸೋಮಾ?"

ಸೋಮವ್ವ ಗೋಡೆಗೆ ಆತು ಕೂತಿದ್ದಳು. ಮೂರು ವರ್ಷ ಇದೇ ಮನೆಯಲ್ಲಿ, ತನ್ನ ಹೈಸ್ಕೂಲಿನ ಈ ಟೀಚರ ಮನೆಯಲ್ಲಿ ಇದ್ದು ಕಾಲೇಜು ಮುಗಿಸಿದ್ದಳು. ಅವರ ಮುಂದೆ ಸುಳ್ಳು ಹೇಳಿ ಗೊತ್ತಿರಲಿಲ್ಲ.

"ಗೊತ್ತಿಲ್ರಿ ಅಕ್ಕೋರ," ಅಂದಳು.

ಎಪ್ಪತ್ತೆರಡರ ದೀಪಾವಳಿ ಮುಗಿಸಿ ಮಾಳಪ್ಪ ಅರವತ್ತು ಕುರಿ ಹೊಡೆದುಕೊಂಡು ತುಂಗಭದ್ರೆಯ ಕಡೆಗೆ ಹೋಗಿದ್ದ. ಪ್ರತಿವರ್ಷದ ದಾರಿಯೇ. ಯುಗಾದಿಗೆ ತಿರುಗಿ ಬರುತ್ತಿದ್ದವನು ಆ ವರ್ಷ ಬರಲಿಲ್ಲ. ಜೊತೆಗೆ ಹೋದವರು ಬಂದು, ಸಿಂಧನೂರು ದಾಟಿದ ಮೇಲೆ 'ನೀವು ಮುಂದ ನಡೀರಿ, ನಾ ಬರ್ತೇನಿ' ಅಂತ ಹೇಳಿ ಹಿಂದೆ ಉಳಿದ, ಅಷ್ಟೇ ಗೊತ್ತು ಅಂದರು. ಮನುಷ್ಯನೂ ಸಿಗಲಿಲ್ಲ, ಒಂದು ಕುರಿಯೂ ಸಿಗಲಿಲ್ಲ. ಈಗ ಎಂಬತ್ತರ ಜೂನು.

ಸರಕಾರದ ವಿದ್ಯಾರ್ಥಿವೇತನದ ಫಾರ್ಮು ತಂದೆಯ ಸಹಿ ಕೇಳಿತ್ತು. ಬಾಗಲಕೋಟೆಯ ಹತ್ತಿ ವ್ಯಾಪಾರಿಗಳು ಕೂಡಿ ನಡೆಸುತ್ತಿದ್ದ ಈ ವಿದ್ಯಾನಿಧಿ ತಂದೆಯಿಲ್ಲದ ಮಕ್ಕಳಿಗೆ ಎರಡು ವರ್ಷದ ಫೀಯನ್ನೂ ಹಾಸ್ಟೆಲ್ಲಿನ ಖರ್ಚನ್ನೂ ಕೊಡುತ್ತಿತ್ತು. ಇಲ್ಲಿ ಸಹಿ ಬೇಕಿರಲಿಲ್ಲ. ತಂದೆ ಇಲ್ಲ ಅನ್ನುವುದಕ್ಕೆ ದಾಖಲೆ ಬೇಕಿತ್ತು.

"ವಕೀಲರನ್ನ ಕೇಳೀನಿ," ಅಂದರು ತುಳಸೀಬಾಯಿ. "ಏಳು ವರ್ಷ ಸುದ್ದಿ ಇಲ್ಲಂದ್ರ ಕಾಯ್ದೆ ಪ್ರಕಾರ ತೀರಿಕೊಂಡಾರ ಅಂತನ ಹಿಡೀತಾರಂತ. ನಿಮ್ಮವ್ವ ಒಂದು ಪ್ರತಿಜ್ಞಾಪತ್ರ ಮಾಡಿಕೊಡಬೇಕು. ಊರಾಗಿನವರು ಇಬ್ಬರು ಸಾಕ್ಷಿ ಹಾಕಬೇಕು."

"ಅವ್ವ ಮಾಡೂದಿಲ್ರಿ."

ತುಳಸೀಬಾಯಿ ಪೆನ್ನಿನ ಟೋಪಿ ಹಾಕಿದರು. "ನಾ ಬರತೀನಿ ನಿಮ್ಮೂರಿಗೆ. ನಾನ ಕೇಳತೀನಿ."

ರವಿವಾರ ಇಬ್ಬರೂ ಶಿರೂರಿನಲ್ಲಿ ಬಸ್ಸಿಳಿದು ಹೋದಾಗ ಸೋಮವ್ವನ ತಾಯಿ ರಂಗವ್ವ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಗಂಡ ಹೋದಾಗಿನಿಂದ ಕಂಬಳಿ ನೇಯುವವರಿಗೆ ನೂಲು ಮಾಡಿಕೊಟ್ಟು, ಮಂದಿಯ ಹೊಲದಲ್ಲಿ ದುಡಿದು ಮನೆ ನಡೆಸಿದ್ದಳು. ಹಣೆಯ ಮೇಲೆ ಕಾಸಗಲ ಕುಂಕುಮ, ಮೊಳಕೈತನಕ ಹಸಿರು ಬಳೆ. ತುಳಸೀಬಾಯಿಯವರನ್ನು ಕಂಡು ಎದ್ದು ಕಂಬಳಿ ಹಾಸಿದಳು, ತಂಬಿಗೆ ನೀರು ಕೊಟ್ಟಳು. ಅವರು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು.

"ತಿಳೀತ್ರಿ ಅಕ್ಕೋರ," ಅಂದಳು ಕೊನೆಗೆ. "ಆದ್ರ ನಾ ಹೆಂಗ ಹೇಳ್ಲಿ? ನಾ ಹೆಣಾ ನೋಡಿಲ್ಲ."

"ನಾ ನೋಡೀನಿ," ಅಂದರು ತುಳಸೀಬಾಯಿ. ಅವರ ಹಣೆ ಬರಿದಾಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. "ಮನಿ ಪಡಸಾಲ್ಯಾಗ ಮಲಗಿಸಿದ್ರು. ನೋಡಿದ್ರ ಹಗುರಾಗ್ತದ ಅಂತ ತಿಳೀಬ್ಯಾಡ್ರಿ ರಂಗವ್ವ."

"ನಿಮ್ಮವರು ಹೋದ್ರು, ನಿಮಗ ಗೊತ್ತಾತು. ಇವರು ಬರ್ತೇನಿ ಅಂತ ಹೇಳಿ ಹೋಗ್ಯಾರ." ರಂಗವ್ವ ಕದಿರಿಗೆ ಸುತ್ತಿದ್ದ ನೂಲನ್ನು ಸುಮ್ಮನೆ ಬಿಚ್ಚಿ ಮತ್ತೆ ಸುತ್ತಿದಳು. "ಖಾಸಿಂಸಾಬಣ್ಣ ಆ ವರ್ಷನ ಕರ್ನೂಲ ಸಂತ್ಯಾಗ ಅವರನ್ನ ನೋಡ್ಯಾನ. ಕೆಂಪು ರುಮಾಲ ಸುತ್ತಿದ್ರಂತ. ಕೂಗಿದ್ರ ಗದ್ದಲದಾಗ ಕೇಳಿಲ್ಲ. ಜೀವ ಇದ್ದವರನ್ನ ಸತ್ತಾರ ಅಂತ ಬರಕೊಟ್ಟು, ನಾಳೆ ಅವರು ಈ ಬಾಗಲದಾಗ ಬಂದು ನಿಂತ್ರ?"

ಸೋಮವ್ವನಿಗೆ ತಾಳಲಾಗಲಿಲ್ಲ.

"ಬಿಡ್ರಿ ಅಕ್ಕೋರ. ಯಾವುದರ ಸಾಲ್ಯಾಗ ಕೆಲಸ ಸಿಗತೈತಿ. ಇಷ್ಟ ಓದಿದ್ದು ಸಾಕು."

ರಂಗವ್ವ ಮಗಳ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಅಕ್ಕೋರನ್ನು ಬಸ್ಸಿನ ತನಕ ಕಳಿಸಿಬರಲು ಹೇಳಿದಳು, ಅಷ್ಟೇ.

ಮರುದಿನ ಹೊತ್ತೇರುವ ಮೊದಲೇ ಮಗಳನ್ನು ಕರೆದುಕೊಂಡು ಖಾಸಿಂಸಾಬನ ಮನೆಗೆ ನಡೆದಳು. ಖಾಸಿಂಸಾಬ ಕುರಿ ವ್ಯಾಪಾರದವನು, ಮಾಳಪ್ಪನ ಗೆಳೆಯ. ಸಂತೆಯಿಂದ ಸಂತೆಗೆ ತಿರುಗುತ್ತಿದ್ದವನು ವಯಸ್ಸಾದ ಮೇಲೆ ಮನೆಯಲ್ಲೇ ನಾಲ್ಕು ಟಗರು ಮೇಯಿಸಿಕೊಂಡಿದ್ದ. ಇವರು ಹೋದಾಗ ಒಂದು ಟಗರಿನ ಕಾಲು ಹಿಡಿದು ಗೊರಸು ಕೆತ್ತುತ್ತಿದ್ದ.

"ಅಣ್ಣಾ, ಒಂದು ಮಾತು ಕೇಳ್ಬೇಕಿತ್ತು. ಕರ್ನೂಲ ಸಂತ್ಯಾಗ ಅವತ್ತು ನೀ ನೋಡಿದ್ದು ಸೋಮವ್ವನ ಅಪ್ಪನ್ನ ಹೌದಿಲ್ಲೋ?"

"ಭಾಳ ದಿನದ ಮಾತು ತಂಗಿ."

"ಆಣಿ ಇಡು ಅನ್ನೂದಿಲ್ಲ. ಬರೇ ಹೇಳು."

ಖಾಸಿಂಸಾಬನ ಕಣ್ಣು ಸೋಮವ್ವನ ಕಡೆಗೆ ಹೊರಳಿತು. ಅವಳ ಕೈಯಲ್ಲಿ ಮಡಿಚಿ ಹಿಡಿದಿದ್ದ ಫಾರ್ಮಿನ ಮೇಲೆ ಒಂದು ಗಳಿಗೆ ನಿಂತಿತು. ವಿದ್ಯಾನಿಧಿಯ ಸುದ್ದಿ ಊರಲ್ಲಿ ಆಗಲೇ ಹರಡಿತ್ತು. ಅವನು ಟಗರಿನ ಕಾಲು ಬಿಟ್ಟು, ಚೂರಿಯನ್ನು ಒರೆಸಿ ಪಕ್ಕಕ್ಕಿಟ್ಟ.

"ಆ ವರ್ಷ ನಾ ಕರ್ನೂಲಿಗೇ ಹೋಗಿದ್ದಿಲ್ಲವ್ವ," ಅಂದ. "ನೀ ಊಟ ಬಿಟ್ಟು ಮಾರಿ ತಿರುವಿ ಮಲಗಿದ್ದಿ. ಈ ಕೂಸು ನಮ್ಮ ಮನಿಗೆ ಬಂದು ಒಂದು ರೊಟ್ಟಿ ಕೊಡ್ರಿ ಅಂತ ಕೇಳ್ತು. ಏನರ ಒಂದು ಹೇಳಿದ್ರ ಎದ್ದು ಕುಂದರ್ತಿ ಅನಿಸ್ತು. ಹೇಳಿಬಿಟ್ಟೆ."

"ಆ ಕೆಂಪು ರುಮಾಲು?"

"ಅದೂ ನಾನ ಹೇಳಿದ್ದು."

ರಂಗವ್ವ ನಿಂತಲ್ಲೇ ನಿಂತಳು. ಟಗರು ಬಂದು ಅವಳ ಸೀರೆಯ ಸೆರಗನ್ನು ಮೂಸಿ ಹೋಯಿತು.

"ಎದ್ದು ಕುಂತೆ," ಅಂದಳು. "ಅದು ಖರೆ."

ಸಾಕ್ಷಿ ಹಾಕಲು ಬರುತ್ತೀಯಾ ಎಂದು ಕೇಳಿದಳು. ಖಾಸಿಂಸಾಬ ತಲೆ ಎತ್ತದೆ ಹೂಂ ಅಂದ. ತಿರುಗಿ ಬರುವಾಗ ತಾಯಿ ಮುಂದೆ, ಮಗಳು ಹಿಂದೆ. ಆ ಮುದುಕ ಸುಳ್ಳು ಹೇಳಿದ್ದು ಆವತ್ತೋ ಇವತ್ತೋ ಎಂಬ ಪ್ರಶ್ನೆ ಸೋಮವ್ವನಿಗೆ ಆ ದಾರಿಯಲ್ಲೇ ಬಂತು. ಮುಂದೆ ಎಂದೂ ಅವಳು ಅದನ್ನು ಅವನ ಹತ್ತಿರ ಕೇಳಲಿಲ್ಲ.

ಆ ಮಧ್ಯಾಹ್ನ ರಂಗವ್ವ ಬಚ್ಚಲಲ್ಲಿ ಕೂತು ಕೈಗೆ ಸಾಬೂನು ಹಚ್ಚಿಕೊಂಡು ಬಳೆಗಳನ್ನು ಒಂದೊಂದಾಗಿ ತೆಗೆದಳು. ಒಂದನ್ನೂ ಒಡೆಯಲಿಲ್ಲ. ಒಂದು ಅರಿವೆಯಲ್ಲಿ ಕಟ್ಟಿ ಗೂಡಿನಲ್ಲಿಟ್ಟಳು. ಸುದ್ದಿ ತಿಳಿದು ಮೈದುನ ಮುತ್ತಪ್ಪ ಬಂದ. ಅವನು ಸಿಟ್ಟಾಗುತ್ತಾನೆಂದು ಸೋಮವ್ವ ಹೆದರಿದ್ದಳು. ಅವನು ಕಟ್ಟೆಯ ಮೇಲೆ ಕೂತು ಮೆತ್ತಗೆ ಹೇಳಿದ, "ಸತ್ತಾನ ಅಂತ ಬರಕೊಟ್ಟ ಮ್ಯಾಲೆ ಮಣ್ಣು ಮಾಡಬೇಕವ್ವ ವೈನಿ. ಇಲ್ಲಾಂದ್ರ ಮನಿದೇವ್ರು ಬೀರಪ್ಪನ ಗುಡಿ ಮೆಟ್ಟಲ ಹೆಂಗ ಏರೂದು? ಅಣ್ಣಗೂ ಛಲೋ ಅಲ್ಲ."

ಹೆಣವಿರಲಿಲ್ಲ. ಮಾಳಪ್ಪ ಬಿಟ್ಟುಹೋಗಿದ್ದ ಒಂದು ಜೋಡು ಹಳೆಯ ಮೆಟ್ಟು ಅಟ್ಟದ ಮೇಲಿತ್ತು. ಹೊಲದ ಬದುವಿನಲ್ಲಿ ಅದನ್ನೇ ಇಟ್ಟು, ಹಾಲು ತುಪ್ಪ ಬಿಟ್ಟು, ಮಣ್ಣೆಳೆದರು. ಏಳು ವರ್ಷ ತಡವಾಗಿ ಬಂದ ಸಾವಿಗೆ ಹೇಗೆ ಅಳಬೇಕೆಂದು ಕೂಡಿದ ಹೆಂಗಸರಿಗೆ ತಿಳಿಯಲಿಲ್ಲ. ಒಬ್ಬಿಬ್ಬರು ಶುರು ಮಾಡಿ ನಿಲ್ಲಿಸಿದರು.

ಪ್ರತಿಜ್ಞಾಪತ್ರವನ್ನು ಬರೆದವಳು ಸೋಮವ್ವನೇ. ಅಕ್ಷರ ಚೆನ್ನಾಗಿವೆ, ನೀನೇ ಬರೆ ಎಂದು ವಕೀಲರ ಗುಮಾಸ್ತ ಕಾಗದ ಕೊಟ್ಟಿದ್ದ. ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. 'ಸದರಿ ನನ್ನ ಪತಿಯವರು ಮರಣ ಹೊಂದಿರುವರೆಂದು ನಂಬಿರುತ್ತೇನೆ.' ಮರಣ ಎಂಬಲ್ಲಿ ಶಾಯಿ ಸ್ವಲ್ಪ ಹರಡಿತು. ಗುಮಾಸ್ತ ಅದರ ಮೇಲೆ ಒತ್ತುಕಾಗದ ಇಟ್ಟ.

"ಗಂಡನ ಹೆಸರು ನಿಮ್ಮ ಬಾಯಿಂದನ ಹೇಳಬೇಕ್ರೆವ್ವ," ಅಂದರು ವಕೀಲರು.

ರಂಗವ್ವ ಮಗಳ ಕಡೆ ನೋಡಿದಳು. ಯಾರು ಕೇಳಿದರೂ ಇಷ್ಟು ವರ್ಷ ಆ ಹೆಸರನ್ನು ಅವಳ ಬದಲಿಗೆ ಮಗಳೇ ಹೇಳುತ್ತ ಬಂದಿದ್ದಳು. ಈಗ ಸೋಮವ್ವ ಬಾಯಿ ತೆರೆಯುವಷ್ಟರಲ್ಲಿ ರಂಗವ್ವ ಸೆರಗು ಸರಿಮಾಡಿಕೊಂಡು "ಮಾಳಪ್ಪ" ಅಂದಳು. ತಾಯಿಯ ದನಿಯಲ್ಲಿ ಆ ಹೆಸರನ್ನು ಸೋಮವ್ವ ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ಖಾಸಿಂಸಾಬ ಬಂದು ಸಹಿ ಹಾಕಿದ. ಮುತ್ತಪ್ಪ ಹೆಬ್ಬೆಟ್ಟು ಒತ್ತಿದ.

ವಿದ್ಯಾನಿಧಿಯ ಕಾರ್ಯದರ್ಶಿ ಗುರಲಿಂಗಪ್ಪನವರು ಒಳ್ಳೆಯ ಮನುಷ್ಯರು. ತಾಯಿ ಮಗಳನ್ನು ಎದುರಿಗೆ ಕೂಡಿಸಿಕೊಂಡು, ಕಾಗದಗಳನ್ನು ಒಂದೊಂದಾಗಿ ನೋಡಿದರು. ಒಮ್ಮೆ ಮಾತ್ರ ತಲೆ ಎತ್ತಿ ರಂಗವ್ವನ ಬರಿಯ ಹಣೆಯನ್ನು, ಬರಿಯ ಕೈಗಳನ್ನು ನೋಡಿ ಮತ್ತೆ ಕಾಗದಕ್ಕೆ ಮರಳಿದರು. "ಹುಡುಗಿ ಛಲೋ ಓದ್ಯಾಳ. ನೀವು ಧೈರ್ಯ ತಗೋಬೇಕು," ಅಂದರು. ಹದಿನೈದು ದಿನಕ್ಕೆ ಮಂಜೂರಾತಿಯ ಪತ್ರ ಬಂತು. ತುಳಸೀಬಾಯಿ ಅದನ್ನು ಓದಿ ಹೇಳಿದಾಗ ಸೋಮವ್ವ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತಳು. ಅವರು ಕರೆಯಲಿಲ್ಲ. ಚಹಕ್ಕೆ ನೀರಿಟ್ಟರು.

ಆಗಸ್ಟಿನಲ್ಲಿ ಮಗಳನ್ನು ಹಾಸ್ಟೆಲ್ಲಿಗೆ ಬಿಡಲು ರಂಗವ್ವ ತಾನೇ ಹೊರಟಳು. ಧಾರವಾಡವನ್ನು ಅವಳು ನೋಡಿರಲಿಲ್ಲ. ಬಾಗಲಕೋಟೆಯಲ್ಲಿ ಹುಬ್ಬಳ್ಳಿಯ ಬಸ್ಸು ಹಿಡಿದರು. ಕೆರೂರು ದಾಟಿತು. ಬುತ್ತಿಯ ಗಂಟು ರಂಗವ್ವನ ತೊಡೆಯ ಮೇಲಿತ್ತು. "ಅಲ್ಲಿ ಜ್ವಾಳದ ರೊಟ್ಟಿ ಮಾಡ್ತಾರಿಲ್ಲೋ?" ಎಂದು ಒಮ್ಮೆ ಕೇಳಿದಳು. "ಮಾಡ್ತಾರಂತವ್ವ," ಅಂದಳು ಸೋಮವ್ವ.

ಕುಳಗೇರಿ ಕ್ರಾಸಿಗೆ ಇನ್ನೂ ಒಂದೆರಡು ಮೈಲಿ ಇರುವಾಗ ಬಸ್ಸು ನಿಂತಿತು. ದೊಡ್ಡದೊಂದು ಕುರಿಹಿಂಡು ರಸ್ತೆ ದಾಟುತ್ತಿತ್ತು. ಜಿಟಿಜಿಟಿ ಮಳೆ. ಡ್ರೈವರ್ ಒಂದೆರಡು ಸಲ ಹಾರ್ನು ಹೊಡೆದು, ಉಪಯೋಗವಿಲ್ಲವೆಂದು ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. ಕುರಿಗಳ ಹಿಂದೆ ಮುಂದೆ ನಾಲ್ಕೈದು ಜನ, ಗೊಂಗಡಿ ಕಂಬಳಿಯ ಕೊಪ್ಪೆ ತಲೆಗೆ ಹಾಕಿಕೊಂಡು, ಮುಖ ಕಾಣದಂತೆ ಬಗ್ಗಿ ನಡೆಯುತ್ತಿದ್ದರು.

ಸೋಮವ್ವ ತಾಯಿಯ ಕಡೆ ತಿರುಗಿದಳು. ರಂಗವ್ವ ಎದ್ದು ನಿಂತಿದ್ದಳು. ಬುತ್ತಿ ಕೆಳಗೆ ಉರುಳಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಕಿಟಕಿಯ ಸರಳು ಹಿಡಿದು, ಒಬ್ಬನಾದ ಮೇಲೆ ಒಬ್ಬನಂತೆ ಆ ಕೊಪ್ಪೆಗಳ ಒಳಗೆ ನೋಡುತ್ತಿದ್ದಳು. ಕೊನೆಯವನು ಬಸ್ಸಿನ ಹತ್ತಿರ ಬಂದಾಗ ಮಳೆಗೆ ಕಣ್ಣು ಕಿರಿದು ಮಾಡಿ ಮೇಲೆ ನೋಡಿದ. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ.

"ಅವ್ವಾ, ಕೂಡು," ಅಂದಳು ಸೋಮವ್ವ.

ಬಸ್ಸು ಹೊರಟಿತು. ರಂಗವ್ವ ಕೂಡಲಿಲ್ಲ. ಸೀಟಿನ ಬೆನ್ನು ಹಿಡಿದುಕೊಂಡು ಹಿಂದೆ ತಿರುಗಿ, ಮಳೆಯಲ್ಲಿ ಹಿಂಡೂ ರಸ್ತೆಯೂ ಒಂದೇ ಬಣ್ಣವಾಗುವವರೆಗೆ ನೋಡುತ್ತ ನಿಂತಿದ್ದಳು.