ಟವೆಲ್ಲಿನ ಕೆಳಗೆ ಆದ ವ್ಯಾಪಾರ

ಹಲ್ಲಿನ ದವಾಖಾನೆಯಲ್ಲಿ ಕೆಲಸ ಮಾಡುವವರಿಗೆ ಗಂಡಸರ ಧೈರ್ಯದ ಬಗ್ಗೆ ಭ್ರಮೆ ಉಳಿಯುವುದಿಲ್ಲ. ಮುಧೋಳದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡಾಕ್ಟರ್ ಅನುರಾಧಾ ಅವರ ದವಾಖಾನೆಯಿದೆ. ಅಲ್ಲಿ ಚೀಟಿ ಬರೆಯುವವಳು, ಸಾಮಾನು ತೊಳೆದು ಕುದಿಸುವವಳು, ಪೇಶಂಟುಗಳ ಬಾಯಿಗೆ ಉಗುಳು ಎಳೆಯುವ ಪೈಪು ಹಿಡಿಯುವವಳು ಎಲ್ಲಾ ನಾನೇ, ರೇಷ್ಮಾ. ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಬಿದ್ದರೂ ಮೈ ಕೊಡವಿಕೊಂಡು ಎದ್ದು ಬಂದ ಡ್ರೈವರೊಬ್ಬ ನಮ್ಮ ಸೂಜಿ ನೋಡಿ ಕಣ್ಣು ಮೇಲೆ ಮಾಡಿದ್ದನ್ನು ಕಂಡಿದ್ದೇನೆ. ಹೆಂಗಸರು ಅಂಜುವುದಿಲ್ಲ ಎಂದಲ್ಲ. ಅವರು ಅಂಜುತ್ತಲೇ ಬಾಯಿ ತೆರೆಯುತ್ತಾರೆ.

ಇಷ್ಟೆಲ್ಲ ನೋಡಿದ ನನಗೂ ಧರೆಪ್ಪ ಹೊಸಬನೇ. ಬೀಳಗಿ ಕಡೆಯ ಕುರಿ ವ್ಯಾಪಾರಿ. ಆರಡಿ ಆಳು, ತಲೆಗೆ ಕೆಂಪು ಪಟಕಾ, ಹೆಗಲ ಮೇಲೆ ದಪ್ಪ ಟವೆಲ್. ಸಂತೆಯಲ್ಲಿ ಎಂಥ ಸೊಕ್ಕಿನ ಟಗರನ್ನಾದರೂ ತೊಡೆಯ ಸಂದಿಗೆ ಸಿಕ್ಕಿಸಿಕೊಂಡು, ತುಟಿ ಎತ್ತಿ, ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ನೋಡಿ ಅದರ ವಯಸ್ಸು ಹೇಳುವುದು ಅವನ ಕಸುಬು. ಊರಿನ ಕುರಿಗಳ ಬಾಯೆಲ್ಲ ತೆರೆಸುವ ಈ ಮನುಷ್ಯ ತನ್ನ ಬಾಯನ್ನು ಮಾತ್ರ ಯಾರಿಗೂ ತೋರಿಸುವವನಲ್ಲ.

ಮೊದಲ ಸಲ ಅವನ ಹೆಂಡತಿ ಪದ್ಮವ್ವ ಅವನನ್ನು ಕರೆದುಕೊಂಡು ಬಂದಾಗ ಎಡಗೆನ್ನೆ ಬಾತು ಕಣ್ಣು ಸಣ್ಣದಾಗಿತ್ತು. ಮೈ ಸುಡುತ್ತಿತ್ತು. ಖುರ್ಚಿಯಲ್ಲಿ ಕೂರಿಸಿ, ಕೊರಳಿಗೆ ನೀಲಿ ಕಾಗದದ ಬಟ್ಟೆ ಕಟ್ಟಿದೆ. ಡಾಕ್ಟರು ಗುಂಡಿ ಒತ್ತಿದರು, ಖುರ್ಚಿ ಮೆಲ್ಲಗೆ ಹಿಂದಕ್ಕೆ ವಾಲಿತು. ಅಷ್ಟೇ. ಧರೆಪ್ಪ ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ಆ ನೀಲಿ ಬಟ್ಟೆ ಕೊರಳಲ್ಲಿ ಇರುವಂತೆಯೇ ಹೊರಗೆ ನಡೆದ. ಬಾಗಿಲಲ್ಲಿ ನಿಂತು, "ಬಸ್ಸಿನ ಟೈಮ್ ಆತು," ಎಂದ. ಬೀಳಗಿ ಬಸ್ಸು ಆಗಷ್ಟೇ ಹೋಗಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಇಂಥವರಿಗೇ.

ಸ್ವಲ್ಪ ಹೊತ್ತಿಗೆ ಪದ್ಮವ್ವ ಒಬ್ಬಳೇ ವಾಪಸ್ ಬಂದಳು, ಚಪ್ಪಲಿ ಒಯ್ಯಲು. ನೀಲಿ ಬಟ್ಟೆಯನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟಳು.

"ಜಮಖಂಡ್ಯಾಗೂ ಇವ್ರು ಹಿಂಗ ಎದ್ದ ಬಂದ್ರು, ಬನಹಟ್ಟ್ಯಾಗೂ ಹಿಂಗ ಮಾಡಿದ್ರು," ಎಂದಳು. "ಸಣ್ಣಾಂವ ಇದ್ದಾಗ ಸಂತ್ಯಾಗ ಯಾರೋ ಹಲ್ಲ ಕೀಳಾಂವ ಬಂದಿದ್ನಂತ. ನಾಕ ಮಂದಿ ಎದಿ ಮ್ಯಾಲ ಕುಂತ ಹಿಡದಿದ್ರಂತ. ಬಿಡ್ರೋ ಬಿಡ್ರೋ ಅಂದ್ರ ಯಾರೂ ಬಿಡಲಿಲ್ಲಂತ. ಕಿತ್ತಿದ್ದೂ ಛಲೋ ಹಲ್ಲ."

ಡಾಕ್ಟರು ಅವಳನ್ನು ಒಳಗೆ ಕೂರಿಸಿಕೊಂಡು ಸುತ್ತಿಬಳಸದೆ ಹೇಳಿದರು. ದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿದೆ. ಗುಳಿಗೆ ಕೊಟ್ಟರೆ ನಾಲ್ಕು ದಿನ ಇಳಿಯುತ್ತದೆ, ಮತ್ತೆ ಏರುತ್ತದೆ. ಆ ಕೀವು ಕುತ್ತಿಗೆಗೆ ಇಳಿದರೆ ಉಸಿರು ಕಟ್ಟುತ್ತದೆ. ಹಲ್ಲು ಕಿತ್ತರೆ ಜೀವ ಉಳಿಯುತ್ತದೆ.

ಪದ್ಮವ್ವ ಅಳಲಿಲ್ಲ. ಗುಳಿಗೆ ಸೆರಗಿನ ತುದಿಗೆ ಕಟ್ಟಿಕೊಂಡು, "ಕರಕೊಂಡ ಬರತೇನ್ರಿ," ಎಂದಷ್ಟೇ ಹೇಳಿ ಹೋದಳು.

ಮುಂದಿನ ವಾರ ಬಂದರು. ಬಾವು ಅರ್ಧ ಇಳಿದಿತ್ತು, ಧರೆಪ್ಪನ ಮುಖ ಮಾತ್ರ ಪೂರ್ತಿ ಇಳಿದಿತ್ತು. ಒಳಗೆ ಕಾಲಿಡಲು ಒಪ್ಪದೆ ಹೊರಗಿನ ಬೆಂಚಿನ ಮೇಲೆ ಕುಳಿತ. ಡಾಕ್ಟರೇ ಎದ್ದು ಬಂದರು. ಅವರು ಜಮಖಂಡಿಯವರು, ನಮ್ಮಂತೆಯೇ ಮಾತಾಡುತ್ತಾರೆ.

"ಧರೆಪ್ಪನವರ, ನಿಮ್ಮನ್ನ ಯಾರೂ ಹಿಡಿಯಂಗಿಲ್ಲ. ತ್ರಾಸ ಆದ್ರ ಕೈ ಎತ್ರಿ, ನಾ ನಿಲ್ಲಸ್ತೇನಿ."

"ಗಾಳ್ಯಾಗ ಎತ್ತಿದ ಕೈಗೆ ಸಂತ್ಯಾಗ ಕಿಮ್ಮತ್ತಿಲ್ರಿ ಬಾಯಾರ," ಎಂದ ಧರೆಪ್ಪ.

ಡಾಕ್ಟರಿಗೆ ತಿಳಿಯಲಿಲ್ಲ. ಪದ್ಮವ್ವ ಬಿಡಿಸಿ ಹೇಳಿದಳು. ಕುರಿಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಮಾತಾಡುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಾಡಿದ್ದು ಮಾತ್ರ ಕಾಣುತ್ತದೆ. ಬಾಯಿಯ ಮಾತನ್ನು ಆಮೇಲೆ ತಿರುಚಬಹುದು, ಕೈಯಲ್ಲಿ ಆಡಿದ್ದನ್ನು ತಿರುಚಲು ಬಾರದು. ಇನ್ನೂ ಒಂದು ರಿವಾಜು ಇದೆ. ವ್ಯಾಪಾರ ಕುದುರಲಿ ಮುರಿಯಲಿ, ಮಾತು ಮುಗಿಯುವ ಮೊದಲು ಕೈ ಎಳೆದುಕೊಳ್ಳಬಾರದು. ಎಳೆದುಕೊಂಡವನಿಗೆ ಮುಂದಿನ ಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ.

ಹೇಳಿ ಮುಗಿಸುವಾಗ ಪದ್ಮವ್ವನಿಗೇ ಏನೋ ಹೊಳೆದಂತಾಯಿತು. ಗಂಡನ ಕಡೆ ತಿರುಗಿದಳು.

"ನೀವು ಎಂದರ ನಡಕ ಕೈ ಎಳಕೊಂಡೀರೇನ್ರಿ?"

"ನಮ್ಮಪ್ಪನೂ ಎಳಕೊಂಡಿಲ್ಲ," ಎಂದ ಧರೆಪ್ಪ.

"ಹಂಗಾರ ನನಗ ಕೊಡ್ರಿ ಕೈ."

"ನಿನಗೇನ ತಿಳೀತೈತಿ ಅದು? ಗಂಡಸರ ವ್ಯಾಪಾರ."

"ಕಲಿಸ್ರಿ. ತಿಳೀತೈತಿ."

ಮದುವೆಯಾಗಿ ಮಕ್ಕಳಿಗೆ ಮದುವೆ ಮಾಡಿದರೂ ಧರೆಪ್ಪ ಹೆಂಡತಿಗೆ ಈ ಬೆರಳಿನ ಮಾತು ಕಲಿಸಿರಲಿಲ್ಲ. ಟಗರು ಎಷ್ಟಕ್ಕೆ ಹೋಯಿತು ಎಂದು ಕೇಳಿದರೆ "ಹೋತು" ಎಂದಷ್ಟೇ ಹೇಳುವ ಜಾತಿ. ಅಂಥವನು ಅಂದು ನಮ್ಮ ಬೆಂಚಿನ ಮೇಲೆ ಟವೆಲ್ ಹಾಸಿ ಹೆಂಡತಿಯ ಕೈ ಹಿಡಿದು ಪಾಠ ಶುರುಮಾಡಿದ. ಇಬ್ಬರೂ ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಅವನು ಕಿರುಬೆರಳು ಹಿಡಿದರೆ, ಇನ್ನೂ ಎಷ್ಟು ಉಳಿದಿದೆ ಎಂದು ಕೇಳಿದ ಹಾಗೆ. ಅವಳು ಹಿಡಿದ ಬೆರಳುಗಳೇ ಅದಕ್ಕೆ ಉತ್ತರ. ಒಂದಾದರೆ ಇನ್ನೇನು ಮುಗಿಯಿತು, ನಾಲ್ಕಾದರೆ ಬಹಳ ಇದೆ. ಅವನು ಪೂರ್ತಿ ಅಂಗೈ ಅಮುಕಿದರೆ ನಿಲ್ಲಿಸಬೇಕು.

ಹಲ್ಲಿನ ಸೆಟ್ ಅಳತೆಗೆಂದು ಬಂದು ಕುಳಿತಿದ್ದ ಗುರುಬಾಯಿ ಎನ್ನುವ ಮುದುಕಿ ಇದನ್ನೆಲ್ಲ ನೋಡಿ ಬೊಚ್ಚುಬಾಯಲ್ಲಿ ನಕ್ಕಳು. "ಏನವಾ, ಗಂಡನ್ನ ಮಾರಾಕತ್ತಿಯೇನ?"

"ತಗೊಳ್ಳವ್ರು ಸಿಗವಲ್ರು ಯವ್ವಾ," ಎಂದಳು ಪದ್ಮವ್ವ, ಟವೆಲ್ಲಿನ ಮೇಲಿನ ಕಣ್ಣು ತೆಗೆಯದೆ.

ಒಂದು ತೊಡಕು ಉಳಿದಿತ್ತು. ಕೆಲಸ ಎಷ್ಟು ಉಳಿದಿದೆ ಎಂದು ಪದ್ಮವ್ವನಿಗೆ ತಿಳಿಯುವುದು ಹೇಗೆ? ಡಾಕ್ಟರು ನನ್ನನ್ನು ನೋಡಿದರು. ಧರೆಪ್ಪನ ತಲೆಯ ಹಿಂದೆ ಪೈಪು ಹಿಡಿದು ನಿಲ್ಲುವ ನಾನು ಇನ್ನೊಂದು ಕೈಯ ಬೆರಳೆತ್ತಿ ಅವಳಿಗೆ ತೋರಿಸಬೇಕು ಎಂದಾಯಿತು. ಹೀಗೆ ಈ ವ್ಯಾಪಾರದಲ್ಲಿ ನಾನು ದಲ್ಲಾಳಿಯಾದೆ.

ಖುರ್ಚಿ ವಾಲಿತು. ಧರೆಪ್ಪ ಕಣ್ಣು ಮುಚ್ಚಿದ. ಪಕ್ಕದ ಸ್ಟೂಲಿನ ಮೇಲೆ ಪದ್ಮವ್ವ ಕುಳಿತಳು, ಇಬ್ಬರ ಕೈ ಮೇಲೆ ಟವೆಲ್ ಬಿತ್ತು. ಸೂಜಿ ಚುಚ್ಚಿದಾಗ ಅವನ ಕಾಲು ಎರಡೂ ಗಾಳಿಯಲ್ಲಿ ಎದ್ದವು, ಕೈ ಮಾತ್ರ ಟವೆಲ್ಲಿನ ಕೆಳಗೇ ಇತ್ತು. ದವಡೆ ಜೋಮು ಹಿಡಿಯಲಿ ಎಂದು ಕಾದೆವು. ಡಾಕ್ಟರು ಇಕ್ಕಳ ಹಿಡಿದರು.

ನನ್ನ ಬೆರಳು ಎರಡು ತೋರಿಸುತ್ತಿದ್ದಾಗ ಕಟಕ್ ಎಂದು ಸದ್ದಾಯಿತು. ಹಲ್ಲಿನ ತಲೆ ಇಕ್ಕಳಕ್ಕೆ ಬಂತು, ಬೇರು ಒಳಗೇ ಉಳಿಯಿತು. ಇಂಥದ್ದು ಆಗುತ್ತದೆ. ಒಸಡು ಬಿಡಿಸಿ, ಬೇರನ್ನು ಸೀಳಿ, ಒಂದೊಂದಾಗಿ ತೆಗೆಯಬೇಕು. ಡಾಕ್ಟರ ಹುಬ್ಬು ಗಂಟಾಯಿತು. ನಾನು ನಾಲ್ಕು ಬೆರಳು ಎತ್ತಿದೆ. ಪದ್ಮವ್ವ ನನ್ನ ಕೈ ನೋಡಿದಳು. ಅವಳ ಮುಖ ಅಲುಗಾಡಲಿಲ್ಲ. ಟವೆಲ್ ಸ್ವಲ್ಪ ಅಲುಗಾಡಿತು.

ಮಿಷನ್ನಿನ ಸದ್ದು ಶುರುವಾಯಿತು. ಧರೆಪ್ಪ ಕೇಳುತ್ತಲೇ ಇದ್ದ, ಟವೆಲ್ ಅಲುಗುತ್ತಲೇ ಇತ್ತು. ನಾನು ತೋರಿಸಿದ್ದು ನಾಲ್ಕು, ಮತ್ತೆ ನಾಲ್ಕು, ಆಮೇಲೆ ಮೂರು. ಈಗ ಏಳುತ್ತಾನೆ, ಈಗ ಏಳುತ್ತಾನೆ ಎಂದು ನಾನು ಪೈಪು ಬಿಗಿಯಾಗಿ ಹಿಡಿದಿದ್ದೆ. ಅರ್ಧ ಕಿತ್ತ ಬೇರು ಇಟ್ಟುಕೊಂಡು ಈ ಮನುಷ್ಯ ಬೀದಿಗೆ ಹೋದರೆ ಮತ್ತೆ ಬರುವವನಲ್ಲ, ಅದು ಮೂವರಿಗೂ ಗೊತ್ತಿತ್ತು.

"ನಿಲ್ಲಸ್ರಿ," ಎಂದಳು ಪದ್ಮವ್ವ ಇದ್ದಕ್ಕಿದ್ದಂತೆ. ಟವೆಲ್ಲಿನ ಕೆಳಗೆ ಅವನು ಅಂಗೈ ಅಮುಕಿರಬೇಕು.

ಡಾಕ್ಟರು ಆ ಕ್ಷಣಕ್ಕೇ ನಿಲ್ಲಿಸಿದರು. ಎರಡೂ ಕೈ ಮೇಲಕ್ಕೆತ್ತಿ ಹಿಂದೆ ಸರಿದು ನಿಂತರು. ನಾನೂ ಪೈಪು ತೆಗೆದೆ. ಧರೆಪ್ಪ ಕಣ್ಣು ಬಿಟ್ಟು ಸೂರು ನೋಡಿದ, ಡಾಕ್ಟರ ಖಾಲಿ ಕೈ ನೋಡಿದ, ಬಾಗಿಲು ನೋಡಿದ. ಬಾಗಿಲು ತೆರೆದೇ ಇತ್ತು. ಅವನನ್ನು ಯಾರೂ ಹಿಡಿದಿರಲಿಲ್ಲ, ಹೆಂಡತಿಯ ಕೈಯೊಂದನ್ನು ಬಿಟ್ಟರೆ. ಕಣ್ಣಿನ ಬದಿಯಿಂದ ನೀರು ಕಿವಿಯತ್ತ ಇಳಿಯಿತು. ನನಗೆ ಅವನ ಮೇಲೆ ಅಲ್ಲಿಯವರೆಗೆ ಇದ್ದ ತಮಾಷೆಯೆಲ್ಲ ಹೋಯಿತು.

ಸ್ವಲ್ಪ ಹೊತ್ತಾದ ಮೇಲೆ ಅವನು ತಾನಾಗಿ ಬಾಯಿ ತೆರೆದ.

ಬೇರು ಎರಡೂ ಬಂದವು, ಕೀವೂ ಬಂತು. ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ, ಡಾಕ್ಟರು ಕೈತೊಳೆಯಲು ಹೋದರು. ಮಾತಾಡಬೇಡಿ, ಉಗುಳಬೇಡಿ, ತಂಪು ಕುಡಿಯಿರಿ ಎಂದು ನಾನು ದಿನವೂ ಹೇಳುವುದನ್ನು ಹೇಳಿದೆ. ಧರೆಪ್ಪ ಎದ್ದು ಕುಳಿತು ಮೊದಲು ಮಾಡಿದ್ದೇ ಮಾತು.

"ಸುಳ್ಳ ಹೇಳಿದಿ," ಎಂದ ಹೆಂಡತಿಗೆ, ಹತ್ತಿಯ ಸಂದಿಯಿಂದ.

"ಏನ ಸುಳ್ಳು?"

"ಕೇಳಿದಾಗೊಮ್ಮೆ ಒಂದ ಬೆರಳ ಹಿಡದಿ. ಒಂದು ಅಷ್ಟ ಹೊತ್ತ ಇರತೈತೇನ?"

ನಾನು ಪದ್ಮವ್ವನನ್ನು ನೋಡಿದೆ. ನಾನು ನಾಲ್ಕು ತೋರಿಸಿದಾಗಲೂ ಅವಳು ಒಂದನ್ನೇ ಹಿಡಿದಿದ್ದಳು.

"ನಾಕ ಅಂದಿದ್ರ ನೀವು ಎದ್ದ ಹೋಗತಿದ್ರಿ," ಎಂದಳು ಅವಳು ತಲೆ ತಗ್ಗಿಸಿ. "ಕುತ್ತಿಗಿಗೆ ಇಳದ್ರ ಉಳಿಯಂಗಿಲ್ಲಂತ ಹೇಳಿದ್ರು ಡಾಕ್ಟರು. ವಾರ ಆತು, ನನಗ ನಿದ್ದಿಲ್ಲ."

"ಮೊದಲನೇ ಸಲಕ್ಕ ಗೊತ್ತಾತು ನನಗ. ಇಷ್ಟ ವರ್ಷ ಮಂದಿ ಕೈ ಹಿಡದೇನಿ. ಸುಳ್ಳ ಹೇಳವ್ರ ಅಂಗೈ ತಿಳೀತೈತಿ."

ನನಗೆ ತಡೆಯಲಾಗಲಿಲ್ಲ. "ಗೊತ್ತಿದ್ದೂ ಯಾಕ ಏಳಲಿಲ್ರಿ ಕಾಕಾ?"

ಧರೆಪ್ಪ ಹೆಂಡತಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದ.

"ಆಕಿ ಕೈ ನಡಗಾಕತ್ತಿತ್ತ ತಂಗಿ. ಅಷ್ಟ ಅಂಜಿದಾಕಿನ್ನ ಒಬ್ಬಾಕಿನ್ನ ಬಿಟ್ಟ ಹೆಂಗ ಎದ್ದ ಹೋಗ್ಲಿ?"