ಗ್ಯಾಸ್ ಅಧ್ಯಾಯ

ನಮ್ಮ ಮನೆಯಲ್ಲಿ ತೊಗರಿಬೇಳೆ ಸಾರು ಮಾಡಿ ಯಾವ ಕಾಲವಾಯಿತೋ. ಮೊದಲು ಕಡಲೆಬೇಳೆ ಹೋಯಿತು, ಆಮೇಲೆ ಆಲೂಗಡ್ಡೆ, ಹೋದ ಯುಗಾದಿಗೆ ಹೋಳಿಗೆಯೂ ಹೋಯಿತು. ಎಲ್ಲಕ್ಕೂ ಒಂದೇ ಕಾರಣ, ನಮ್ಮ ಯಜಮಾನರ ಗ್ಯಾಸ್.

ಪಂಚಾಕ್ಷರಿ ಎಂದರೆ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಒಂದು ಗತ್ತು. ಸರ್ಕಾರಿ ಇಂಜಿನಿಯರ್ ಆಗಿದ್ದವರು, ಸೇತುವೆ ಕಟ್ಟಿಸಿದವರು. ಅಂಥ ಮನುಷ್ಯನಿಗೆ ಮೆಟ್ರೋದಲ್ಲಿ ಜನ ತುಂಬಿದರೆ ಸಾಕು, ಎದೆ ಹಿಡಿದುಕೊಳ್ಳುತ್ತದೆ, ಮೈಯೆಲ್ಲ ಬೆವರುತ್ತದೆ. "ಜಯಾ, ಗ್ಯಾಸ್ ಮೇಲಕ್ಕೆ ಹತ್ತಿದೆ. ನಡಿ ಮನೆಗೆ" ಅನ್ನುತ್ತಾರೆ. ಹೃದಯದ ಪರೀಕ್ಷೆಗಳನ್ನೆಲ್ಲ ಮಾಡಿಸಿದೆವು. ಕಲ್ಲುಗುಂಡಿನ ಹಾಗಿದ್ದಾರೆ ಎಂದರು. ಒಬ್ಬ ಡಾಕ್ಟರು ಮೆಲ್ಲಗೆ, "ಟೆನ್ಶನ್ ಇರಬಹುದು ಸಾರ್" ಎಂದದ್ದೇ ತಡ, ಇವರು ಡಾಕ್ಟರನ್ನೇ ಬದಲಿಸಿಬಿಟ್ಟರು.

ತಮಾಷೆ ಏನೆಂದರೆ, ನಮ್ಮ ಮಗಳು ವಚನಾ ಮನಶ್ಶಾಸ್ತ್ರಜ್ಞೆ. ಮೊದಲು ಬಾಡಿಗೆಗೆ ಕೊಡುತ್ತಿದ್ದ ಮಹಡಿಯ ಪೋರ್ಷನ್ನಿನಲ್ಲೇ ಅವಳ ಕ್ಲಿನಿಕ್. ಬಂದವರು ಗೇಟಿನಲ್ಲಿ ಹಿಂದೆಮುಂದೆ ನೋಡುತ್ತಾ ನಿಂತರೆ ಇವರೇ ಹೋಗಿ, "ಮೇಲೆ ಹೋಗಿ, ಇದರಲ್ಲಿ ನಾಚಿಕೆ ಏನು ಬಂತು?" ಎಂದು ಧೈರ್ಯ ಹೇಳಿ ಕಳಿಸುತ್ತಾರೆ. ಆ ಮೆಟ್ಟಿಲನ್ನು ತಾವು ಮಾತ್ರ ಹತ್ತುವುದಿಲ್ಲ. ವಚನಾ ಒಮ್ಮೆ ಬಾಯಿಬಿಟ್ಟಿದ್ದಕ್ಕೆ, "ನನಗೇನು ತಲೆ ಕೆಟ್ಟಿದೆಯಾ?" ಎಂದು ಹಾರಾಡಿದ್ದರು.

ಹೀಗಿರುವಾಗ ನನ್ನ ನಾದಿನಿ ಕಲಾ ಅಕ್ಷತೆ, ಲಗ್ನಪತ್ರಿಕೆ ಹಿಡಿದು ಬಂದಳು. ಅವಳ ಮಗಳು ಐಶ್ವರ್ಯಳ ಮದುವೆ, ವಿಜಯನಗರದ ಛತ್ರದಲ್ಲಿ. ನಮ್ಮಲ್ಲಿ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಕೆಲಸ. ಕಲಾಗೆ ಇರುವುದು ಇವರೊಬ್ಬರೇ ಅಣ್ಣ. ಆದರೂ ಇವರು ಸೂರು ನೋಡುತ್ತಾ, "ನನ್ನ ಗ್ಯಾಸಿನ ವಿಷಯ ನಿನಗೆ ಗೊತ್ತಲ್ಲಮ್ಮ. ಬೇರೆ ಯಾರನ್ನಾದರೂ ನೋಡ್ಕೊಳ್ಳಿ" ಎಂದುಬಿಟ್ಟರು.

ಕಲಾ ಹೊರಟು ನಿಂತಳು. ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಅತ್ತಿಗೆ, ಅಪ್ಪ ಇಲ್ಲದ ಹುಡುಗಿ ಅದು. ಮಾವನೂ ಬರಲ್ಲ ಅಂದ್ರೆ ಅವಳಿಗೆ ಏನು ಹೇಳಲಿ?" ಎಂದು ಅತ್ತಳು. ನನಗೆ ಇವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಯಃಕಶ್ಚಿತ್ ಗ್ಯಾಸಿಗೆ ಹೆದರಿ ತಂಗಿಯ ಮಗಳನ್ನು ಬಿಡುವುದೇ?

ಆ ಸಿಟ್ಟಿನಲ್ಲೇ ಮಗಳ ಪುಸ್ತಕ ತಿದ್ದಲು ಕೂತೆ. ವಚನಾ ಸಾಮಾನ್ಯ ಓದುಗರಿಗಾಗಿ ಮನಸ್ಸಿನ ಆರೋಗ್ಯದ ಬಗ್ಗೆ ಪುಸ್ತಕ ಬರೆಯುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ಭಾಷೆ ನೋಡುವುದು ನನ್ನ ಪಾಲು. ಅಂದಿನ ಅಧ್ಯಾಯ ಹೀಗೆ ಶುರುವಾಗಿತ್ತು: 'ತೀವ್ರ ಆತಂಕದ ಆಕಸ್ಮಿಕ ಉಲ್ಬಣಾವಸ್ಥೆಯ ಶಾರೀರಿಕ ಅಭಿವ್ಯಕ್ತಿಗಳು.' ಓದಿ ನನಗೇ ತಲೆನೋವು ಬಂತು.

"ಯಾರಿಗೇ ಇದು? ಸರಿಯಾಗಿ ಬಾಯಲ್ಲಿ ಹೇಳು" ಎಂದೆ.

"ಅಂದ್ರೆ ಅಮ್ಮ, ಜನ ಇರೋ ಕಡೆ ಇದ್ದಕ್ಕಿದ್ದ ಹಾಗೆ ಎದೆ ಡವಡವ ಅನ್ನುತ್ತೆ. ಬೆವರುತ್ತೆ, ಉಸಿರು ಸಾಲಲ್ಲ. ಸತ್ತೇಹೋಗ್ತೀನಿ ಅನ್ನಿಸುತ್ತೆ. ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯುತ್ತೆ."

ನಾನು ಪೆನ್ನು ಕೆಳಗಿಟ್ಟೆ. "ಇದು ನಮ್ಮನೆ ಗ್ಯಾಸ್ ಅಲ್ವೇನೇ?"

"ಇರಬಹುದಮ್ಮ. ಆದರೆ ಮಗಳು ಹೇಳಿದ್ರೆ ಅಪ್ಪ ಕೇಳ್ತಾರಾ?"

"ಮಗಳು ಹೇಳೋದು ಬೇಡ. ಪುಸ್ತಕ ಹೇಳಲಿ. ಬರ್ಕೋ" ಎಂದೆ.

ಆ ದಿನ ನಾವಿಬ್ಬರೂ ಸೇರಿ ಹೊಸದಾಗಿ ಬರೆದೆವು. 'ಛತ್ರದಲ್ಲಿ ನಿಮಗೆ ಎದೆ ಹಿಡಿದುಕೊಂಡಿತು. ಗ್ಯಾಸ್ ಎಂದುಕೊಂಡು ಓಮಿನ ಕಾಳು ಅಗಿದಿರಿ. ಸ್ವಲ್ಪ ಹೊತ್ತಿಗೆ ಸರಿಹೋಯಿತು, ಓಮಿನ ಕಾಳಿಗೆ ಒಳ್ಳೆಯ ಹೆಸರು ಬಂತು. ಏನೂ ತಿನ್ನದಿದ್ದರೂ ಅದು ಇಳಿಯುತ್ತಿತ್ತು. ಹೃದಯ ಸರಿಯಿದೆ ಎಂದು ಡಾಕ್ಟರು ಹೇಳಿದ ಮೇಲೂ ಹೀಗೇ ಆಗುತ್ತಿದ್ದರೆ, ನಿಮ್ಮನ್ನು ಹಿಡಿದಿರುವುದು ಭಯ. ಅದಕ್ಕೆ ಚಿಕಿತ್ಸೆ ಇದೆ.' ಹಾಳೆಗಳನ್ನು ಯಜಮಾನರ ಕೈಗೆ ಕೊಟ್ಟು, "ಕಾಗುಣಿತ ನೋಡಿ ರೀ" ಎಂದೆ. ತಪ್ಪು ಹುಡುಕುವುದೆಂದರೆ ಅವರಿಗೆ ಪ್ರಾಣ.

ವರಾಂಡದಲ್ಲಿ ಕೂತು ಓದಿದರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ನಾನು ಅಡುಗೆಮನೆಯಲ್ಲಿ ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದೆ. ಕೊನೆಗೆ ಬಾಗಿಲಲ್ಲಿ ಬಂದು ನಿಂತು, "ಇಲ್ಲೊಂದು ತಪ್ಪಿದೆ. ಓಮಿನ ಕಾಳಲ್ಲ, ನಾನು ಅಗಿಯೋದು ಜೀರಿಗೆ" ಎಂದರು.

ನನಗೂ ವಚನಾಗೂ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಮಗಳನ್ನು ಕೇಳಿದರು. "ಹಾಗಾದ್ರೆ ಇದರಲ್ಲಿ ಸಾಯಲ್ವೇನಮ್ಮ?"

"ಇಲ್ಲಪ್ಪ."

"ನಾನು ಪ್ರತಿ ಸಲ ಇದೇ ಕೊನೆ ಅಂದ್ಕೊಳ್ತಿದ್ದೆ."

ನನ್ನ ನಗು ನಿಂತಿತು. ಪಕ್ಕದಲ್ಲೇ ಮಲಗುವ ಮನುಷ್ಯ ಇಷ್ಟು ಕಾಲ ಒಬ್ಬರೇ ಸಾವಿಗೆ ಹೆದರುತ್ತಾ ಕೂತಿದ್ದರಲ್ಲ! ಹೇಳಬಾರದಿತ್ತೇ ಎಂದು ರೇಗಿದೆ. ರೇಗುತ್ತಲೇ ಅತ್ತೆ.

ಸ್ವಂತ ಅಪ್ಪನಿಗೆ ತಾನೇ ಚಿಕಿತ್ಸೆ ಕೊಡಬಾರದೆಂದು ವಚನಾ ಅವರನ್ನು ಕೆಂಗೇರಿ ಉಪನಗರದಲ್ಲಿರುವ ತನ್ನ ಹಿರಿಯ ಸಹೋದ್ಯೋಗಿಯ ಹತ್ತಿರ ಕಳಿಸಿದಳು. ವಾರವಾರ ಹೋಗಿಬಂದರು. ಭಯ ಪೂರ್ತಿ ಹೋಗುತ್ತದೆಂದು ಅಲ್ಲಿ ಯಾರೂ ಮಾತು ಕೊಡಲಿಲ್ಲ. ಅದು ಬಂದಾಗ ಓಡದೆ ನಿಲ್ಲುವುದನ್ನು ಕಲಿಸುತ್ತಿದ್ದಾರೆ ಎಂದರು. ಕಲಾಗೆ ಫೋನ್ ಮಾಡಿ, "ಬರ್ತೀನಿ ಕಣಮ್ಮ. ಆಗುತ್ತೋ ಇಲ್ವೋ, ಬಂದು ನೋಡ್ತೀನಿ" ಎಂದರು.

ಮದುವೆಯ ದಿನ ಛತ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾಲಗ ಜೋರಾಯಿತು. ಇವರು ಐಶ್ವರ್ಯಳ ಕೈ ಹಿಡಿದು ಹೊರಟರು. ಜನರ ನಡುವೆ ಅರ್ಧ ದಾರಿ ಬಂದು ಗಕ್ಕನೆ ನಿಂತುಬಿಟ್ಟರು. ಹಣೆಯ ಬೆವರು ನಾನು ನಿಂತಲ್ಲಿಗೇ ಕಾಣುತ್ತಿತ್ತು. ಮಂಟಪದಿಂದ ಮದುವೆ ಮಾಡಿಸುವ ಅಯ್ನೋರು ಬೇಗ ಬೇಗ ಎಂದು ಕೈಸನ್ನೆ ಮಾಡುತ್ತಿದ್ದರು. ಓಡಹೊರಟ ಕಲಾಳನ್ನು ಸೆರಗು ಹಿಡಿದು ನಿಲ್ಲಿಸಿ, ನಾನೊಬ್ಬಳೇ ಜನರನ್ನು ಸರಿಸಿಕೊಂಡು ಅವರ ಹತ್ತಿರ ಹೋದೆ.

"ಐಶೂ, ಒಂದು ನಿಮಿಷ ನಿಲ್ಲಮ್ಮ. ನನಗೆ ಭಯ ಆಗ್ತಾ ಇದೆ" ಎನ್ನುತ್ತಿದ್ದರು.

ತಲೆ ತಗ್ಗಿಸಿದ್ದ ಹುಡುಗಿ ಅವರ ಮುಖ ನೋಡಿದಳು. "ನನಗೂ ಆಗ್ತಾ ಇದೆ ಮಾವ. ಬೆಳಿಗ್ಗೆಯಿಂದ ಯಾರಿಗೂ ಹೇಳೋಕಾಗಿಲ್ಲ."

ಅಷ್ಟು ಜನರ ಮುಂದೆ ಇಬ್ಬರೂ ಕೈ ಹಿಡಿದುಕೊಂಡು ನಿಂತರು. ಅಯ್ನೋರು ಕಾದರು, ವಾಲಗದವರು ಬಾರಿಸುತ್ತಲೇ ಇದ್ದರು. ಆಮೇಲೆ ಇವರು, "ಹೋಗೋಣ್ವಾ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಮಂಟಪ ಹತ್ತುವಾಗ ಯಾರು ಯಾರನ್ನು ಕರೆದೊಯ್ದರೋ ನನಗೆ ಕಾಣಲಿಲ್ಲ, ಕಣ್ಣು ತುಂಬಿತ್ತು.