ಕೆಂಪು ಪಟ್ಟಿ

"ಸುಣ್ಣದ ಚೀಲ ಇನ್ನೂ ಬಿಚ್ಚೇ ಇಲ್ಲ. ಮತ್ತೆ ಆಸಿಡ್ಡಿನ ಸೊಕ್ಕು ಹೇಗೆ ಇಳೀತು?" ಖಾಲಿ ಶೆಡ್ಡಿನಲ್ಲಿ ನಿಂತು ಅಕ್ಕ ಯಾರಿಗೂ ಅಲ್ಲದೆ ಕೇಳಿದಳು. ಎಲ್ಲ ಬೆರೆಸಿ ಮುಗಿಸಿದೆ ಎಂದು ತಮ್ಮ ಆಗಲೇ ಹೇಳಿದ್ದ.

ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಕಾರ್ಖಾನೆ ಅವರಿಬ್ಬರದು. ತುಕ್ಕು ತೊಳೆದ ಆಸಿಡ್ಡಿಗೆ ಸುಣ್ಣ ಬೆರೆಸಿ, ಅದರ ಹುಳಿ ಪೂರಾ ಸತ್ತ ಮೇಲೆಯೇ ಚರಂಡಿಗೆ ಬಿಡಬೇಕು. ಚರಂಡಿಯ ಮಗ್ಗುಲಲ್ಲೇ ಬೀದಿಯವರೆಲ್ಲ ಕುಡಿಯುವ ಬಾವಿ. ಬೆರೆಸುವ ಕೆಲಸ ತಮ್ಮನದು, ಚರಂಡಿಯ ವಾಲ್ವಿನ ಕೀಲಿ ಅಕ್ಕನದು.

ತಮ್ಮ ಲಿಟ್ಮಸ್ ಕಾಗದದ ಒದ್ದೆ ಪಟ್ಟಿ ಹಿಡಿದು ಬಂದ. "ನೋಡಕ್ಕ, ಈಗ್ತಾನೆ ಅದ್ದಿದೆ. ಬಣ್ಣ ಒಂಚೂರೂ ಬದಲಾಗಿಲ್ಲ."

ಪಟ್ಟಿ ಕೆಂಪಗಿತ್ತು.

"ಕೆಂಪು ಕಾಗದ ಆಸಿಡ್ಡಲ್ಲೂ ಕೆಂಪಗೇ ಇರತ್ತೆ ಕಣೋ. ನೀಲಿದು ತಗೊಂಡ್ ಬಾ."

"ನೀಲಿ ಖಾಲಿ."

"ಬೆಳಿಗ್ಗೆ ಇತ್ತಲ್ಲ?"

"ಅಯ್ಯೋ, ಒಡಹುಟ್ಟಿದವನ ಮೇಲೂ ಪೊಲೀಸ್ ಕಣ್ಣಾ!" ಎಂದು ಅವನು ನಕ್ಕನಾದರೂ ಇನ್ನೊಂದು ಕೈ ಮಾತ್ರ ಪ್ಯಾಂಟಿನ ಜೇಬು ಬಿಟ್ಟು ಈಚೆ ಬರಲಿಲ್ಲ.

ಅಕ್ಕ ಬಟ್ಟೆ ಒಗೆಯುವ ಸೋಡಾ ಒಂದು ಚಿಟಿಕೆ ತಂದು ಆಸಿಡ್ಡಿನ ತೊಟ್ಟಿಗೆ ಉದುರಿಸಿದಳು. ಬಿದ್ದಲ್ಲೆಲ್ಲ ಬುಸ್ಸೆಂದು ನೊರೆಯೆದ್ದಿತು; ಹುಳಿ ಇನ್ನೂ ಸತ್ತಿರಲಿಲ್ಲ. ಹೋದ ಸಲವೂ ಇವನು ಕೆಂಪು ಪಟ್ಟಿಯನ್ನೇ ತೋರಿಸಿದ್ದನೇ? ಆ ಅನುಮಾನ ಅವಳ ಎದೆ ಕೊರೆಯಿತು.

ತಮ್ಮನ ಮುಖ ಇಳಿಯಿತು. "ಸುಣ್ಣ ಕಲಸ್ತಾ ಕೂತ್ರೆ ದಿನವೆಲ್ಲ ಹೋಗತ್ತೆ. ಕಬ್ಬಿಣದ ಹೊಸ ಲೋಡು ಬಾಗಿಲಲ್ಲೇ ನಿಂತಿದೆ, ತೊಟ್ಟಿ ಖಾಲಿ ಆಗ್ಬೇಕು. ಇದೊಂದ್ ಸಲ ವಾಲ್ವ್ ತೆಗಿ, ನನ್ನಕ್ಕ ಅಲ್ವಾ?"

"ತೆಗಿಯಲ್ಲ," ಎಂದಳು ಅಕ್ಕ.